ಗಾಲ್ಫ್ ಬ್ಯಾಗ್‌ಗೆ ಮಳೆ ಕವರ್: ಕಾಪಾಡಬೇಕಾದ್ದು ಹೆಡ್‌ಗಿಂತ ಮೊದಲು ಗ್ರಿಪ್

ಓದುಗರ ಪ್ರಶ್ನೆ: ನನ್ನದು ಕಾಲು ಬಿಚ್ಚಿ ನಿಲ್ಲಿಸುವ ಸ್ಟ್ಯಾಂಡ್ ಬ್ಯಾಗ್. ಅದರ ಜೊತೆಗೇ ಒಂದು ಮಳೆ ಹುಡ್ ಬಂದಿದೆ. ಅದನ್ನು ಹಾಕಿದರೆ ಪ್ರತಿ ಸಲ ಕ್ಲಬ್ ತೆಗೆಯುವುದೇ ಒಂದು ಕೆಲಸ, ಹಾಗಾಗಿ ಬಳಸುವುದು ಕಡಿಮೆ. ಈಗ ಐರನ್‌ಗಳ, ಅಂದರೆ ಲೋಹದ ಚಪ್ಪಟೆ ಹೆಡ್ ಇರುವ ಕ್ಲಬ್‌ಗಳ, ಮೇಲೆ ಕಂದು ಚುಕ್ಕೆ ಕಾಣಿಸುತ್ತಿವೆ. ಕೈಯಲ್ಲಿ ಹಿಡಿಯುವ ರಬ್ಬರ್ ಭಾಗ, ಅಂದರೆ ಗ್ರಿಪ್, ಎರಡು ಕ್ಲಬ್‌ಗಳಲ್ಲಿ ಜಾರುತ್ತಿದೆ. ಇಡೀ ಬ್ಯಾಗನ್ನು ಮುಚ್ಚುವ ಪ್ಲಾಸ್ಟಿಕ್ ಕವರ್ ಸಿಗುತ್ತದಂತೆ, ಅದನ್ನು ತಗೊಳ್ಳಲಾ? ಇಲ್ಲ, ವಾಟರ್‌ಪ್ರೂಫ್ ಬ್ಯಾಗನ್ನೇ ಕೊಳ್ಳಬೇಕಾ? ಮಳೆಯಲ್ಲಿ ಆಡಿ ಬಂದಮೇಲೆ ಏನೇನು ಮಾಡಬೇಕು?

ಉತ್ತರ: ಈಗಲೇ ಏನನ್ನೂ ಕೊಳ್ಳಬೇಡಿ. ನಿಮ್ಮ ಹತ್ತಿರ ಇರುವ ಹುಡ್ ಹರಿದಿಲ್ಲ, ಜಿಪ್ ಸರಿಯಾಗಿದೆ ಅಂದರೆ ಬಹುತೇಕ ಅದೇ ಸಾಕು. ಆದರೆ ಅದನ್ನು ಬಳಸುವ ರೀತಿ ಬದಲಾಗಬೇಕು. ಅದಕ್ಕೂ ಮೊದಲು ಮಳೆಯಿಂದ ಕಾಪಾಡಬೇಕಾದ್ದು ಕ್ಲಬ್‌ನ ಯಾವ ಭಾಗವನ್ನು ಅನ್ನುವುದು ಗೊತ್ತಿರಬೇಕು. ಹೆಚ್ಚಿನವರು ಚೆಂಡಿಗೆ ಹೊಡೆಯುವ ತುದಿ, ಅಂದರೆ ಹೆಡ್ ಅಂದುಕೊಳ್ಳುತ್ತಾರೆ. ಹೊಳೆಯುವುದು ಅದೇ, ದುಬಾರಿಯಾಗಿ ಕಾಣುವುದೂ ಅದೇ. ನಾನು ಗ್ರಿಪ್ ಅನ್ನುತ್ತೇನೆ.

ಬ್ಯಾಗಿನಲ್ಲಿ ಕ್ಲಬ್‌ಗಳು ಹೇಗೆ ನಿಂತಿರುತ್ತವೆ, ನೋಡಿ. ಹೆಡ್ ಮೇಲೆ, ಗ್ರಿಪ್ ಕೆಳಗೆ. ಹೆಡ್ ಮೇಲೆ ಬಿದ್ದ ಮಳೆ ಅಲ್ಲೇ ನಿಲ್ಲುವುದಿಲ್ಲ. ನಡುವಿನ ಕೋಲು, ಅಂದರೆ ಶಾಫ್ಟ್ ಹಿಡಿದು ಕೆಳಗೆ ಇಳಿಯುತ್ತದೆ. ಬ್ಯಾಗ್ ಅಂದರೆ ತಳ ಮುಚ್ಚಿದ ಉದ್ದ ಕೊಳವೆ ಇದ್ದ ಹಾಗೆ. ಇಳಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. 18 ಹೋಲ್‌ನ ಪೂರ್ತಿ ಆಟ ಮುಗಿಯಲು ನಾಲ್ಕು ಗಂಟೆಯಾದರೂ ಬೇಕು. ಅಷ್ಟು ಹೊತ್ತೂ ನಿಮ್ಮ ಹದಿನಾಲ್ಕು ಗ್ರಿಪ್‌ಗಳು ಆ ತಳದ ತೇವದಲ್ಲೇ ನಿಂತಿರುತ್ತವೆ. ಮೇಲಿನ ಹೆಡ್‌ಗೆ ಗಾಳಿಯಾದರೂ ಆಡುತ್ತದೆ, ಕೆಳಗಿನ ಗ್ರಿಪ್‌ಗೆ ಅದೂ ಇಲ್ಲ.

ಹೆಡ್‌ಗಳು ನಾವು ಅಂದುಕೊಂಡಷ್ಟು ನಾಜೂಕಲ್ಲ. ಎಲ್ಲಕ್ಕಿಂತ ದೂರ ಹೊಡೆಯುವ ಉದ್ದ ಕ್ಲಬ್ ಡ್ರೈವರ್. ಈಗಿನ ಡ್ರೈವರ್‌ಗಳ ಹೆಡ್ ಹೆಚ್ಚಾಗಿ ಟೈಟಾನಿಯಂನದು, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಎರಕದ ಐರನ್‌ಗಳು ಬಹುಮಟ್ಟಿಗೆ ಸ್ಟೇನ್‌ಲೆಸ್ ಸ್ಟೀಲ್. ಬಡಿದು ಮಾಡಿದ, ಅಂದರೆ ಫೋರ್ಜ್ಡ್ ಐರನ್‌ಗಳು ಮೆತ್ತನೆಯ ಕಾರ್ಬನ್ ಸ್ಟೀಲ್. ಅವು ತುಕ್ಕು ಹಿಡಿಯುವ ಜಾತಿಯವೇ. ಆದರೆ ಅವುಗಳ ಮೇಲೆ ನಿಕ್ಕಲ್, ಕ್ರೋಮ್ ಲೇಪ ಇರುತ್ತದೆ. ಆ ಲೇಪ ಚೆನ್ನಾಗಿರುವ ತನಕ ಒಂದು ದಿನದ ಮಳೆ ಏನೂ ಮಾಡುವುದಿಲ್ಲ. ಕಲ್ಲಿಗೆ ತಾಗಿ, ಬ್ಯಾಗಿನೊಳಗೆ ಒಂದಕ್ಕೊಂದು ಬಡಿದು ಲೇಪ ಚಕ್ಕೆ ಎದ್ದ ಜಾಗದಲ್ಲಿ ಮಾತ್ರ ತುಕ್ಕು ಶುರುವಾಗುತ್ತದೆ. ಹಿಂದೆ ವುಡ್‌ಗಳ, ಅಂದರೆ ಡ್ರೈವರ್‌ನಂಥ ಉದ್ದ ಕ್ಲಬ್‌ಗಳ, ಹೆಡ್ಡನ್ನು ಪರ್ಸಿಮನ್ ಮರದಿಂದಲೇ ಮಾಡುತ್ತಿದ್ದರು. ನೀರು ಕುಡಿದರೆ ಮರ ಉಬ್ಬುತ್ತಿತ್ತು, ಆಗ ಹೆಡ್ ಬಗ್ಗೆ ಹೆದರುವುದರಲ್ಲಿ ಅರ್ಥವಿತ್ತು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಲೋಹದ ಹೆಡ್ ಇಟ್ಟುಕೊಂಡು ಮಾರುಕಟ್ಟೆಗೆ ಬಂತು. ಆಮೇಲೆ ಮರದ ಕಾಲ ನಿಧಾನವಾಗಿ ಮುಗಿಯಿತು. ಭಯ ಮಾತ್ರ ಹಾಗೇ ಉಳಿದಿದೆ.

ಗ್ರಿಪ್ ಕಥೆ ಬೇರೆ. ರಬ್ಬರ್ ಒದ್ದೆಯಾದರೆ ಜಾರುತ್ತದೆ. ಜಾರುತ್ತದೆ ಅನ್ನಿಸಿದ ತಕ್ಷಣ ನಮಗೇ ಗೊತ್ತಿಲ್ಲದಂತೆ ಕೈ ಬಿಗಿಯಾಗುತ್ತದೆ, ಮುಂಗೈ ಗಟ್ಟಿಯಾಗುತ್ತದೆ, ಸ್ವಿಂಗ್ ಹಾಳಾಗುತ್ತದೆ. ಕ್ಲಬ್ ಕೈತಪ್ಪಿ ಹಾರಿದರೆ ಪಕ್ಕದಲ್ಲಿ ನಿಂತವರಿಗೂ ಅಪಾಯ. ಇನ್ನೊಂದು ಸಂಗತಿ ಕಣ್ಣಿಗೆ ಬೀಳುವುದಿಲ್ಲ. ಗ್ರಿಪ್‌ನ ತುದಿಯನ್ನು ತಿರುಗಿಸಿ ನೋಡಿ, ನಡುವೆ ಒಂದು ಚಿಕ್ಕ ತೂತು ಇರುತ್ತದೆ. ಗ್ರಿಪ್ ಹಾಕುವಾಗ ಒಳಗಿನ ಗಾಳಿ ಹೋಗಲು ಬಿಟ್ಟದ್ದು ಅದು. ಬ್ಯಾಗಿನ ತಳದಲ್ಲಿ ನೀರು ನಿಂತರೆ ಅದೇ ತೂತಿನಿಂದ ಶಾಫ್ಟ್ ಒಳಗೆ ಹೋಗುತ್ತದೆ. ಸ್ಟೀಲ್ ಶಾಫ್ಟ್‌ನ ಹೊರಮೈ ಕ್ರೋಮ್‌ನಿಂದ ಹೊಳೆಯುತ್ತದೆ, ಒಳಮೈಗೆ ಅಂಥ ರಕ್ಷಣೆ ಇರುವುದಿಲ್ಲ. ಒಳಗಿನಿಂದ ತುಕ್ಕು ಹಿಡಿದ ಶಾಫ್ಟ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಗ್ರಾಫೈಟ್ ಶಾಫ್ಟ್‌ಗೆ ಈ ತೊಂದರೆ ಇಲ್ಲ.

ಹೆಡ್‌ನಲ್ಲಿ ಒಂದೇ ಒಂದು ಜಾಗವನ್ನು ಒಣಗಿರುವಂತೆ ನೋಡಿಕೊಳ್ಳಬೇಕು: ಚೆಂಡಿಗೆ ತಾಗುವ ಮುಖ. ಅದು ಹಾಳಾಗುತ್ತದೆ ಅಂತಲ್ಲ, ಹೊಡೆತ ಹಾಳಾಗುತ್ತದೆ ಅಂತ. ಮುಖಕ್ಕೂ ಚೆಂಡಿಗೂ ನಡುವೆ ನೀರಿದ್ದರೆ ಹಿಡಿತ ಕಡಿಮೆಯಾಗುತ್ತದೆ. ಹತ್ತಿರದಿಂದ ಚೆಂಡನ್ನು ಎತ್ತಿ ಹೊಡೆಯುವ ವೆಜ್‌ನಲ್ಲಿ ಇದು ಎದ್ದು ಕಾಣುತ್ತದೆ. ಚೆಂಡು ಮುಖದ ಮೇಲೆ ಜಾರಿ ಎಂದಿಗಿಂತ ಎತ್ತರಕ್ಕೆ ಏಳುತ್ತದೆ, ಸ್ಪಿನ್ ತುಂಬಾ ಇಳಿದುಬಿಡುತ್ತದೆ. ಗೆರೆಗಳಲ್ಲಿ ಮಣ್ಣು ತುಂಬಿದ್ದರಂತೂ ಕೇಳಲೇಬೇಡಿ. ಇದನ್ನು ಯಾವ ಕವರೂ ತಡೆಯುವುದಿಲ್ಲ, ಯಾಕೆಂದರೆ ಹೊಡೆಯುವಾಗ ಕ್ಲಬ್ ಹೇಗೂ ಹೊರಗೇ ಇರುತ್ತದೆ. ಅದು ಟವೆಲ್ ಮಾಡಬೇಕಾದ ಕೆಲಸ.

ಈಗ ಕವರ್ ವಿಷಯ. ಹುಡ್ ಬ್ಯಾಗಿನ ಬಾಯಿಯನ್ನು ಮಾತ್ರ ಮುಚ್ಚುತ್ತದೆ. ಟಿಚ್ ಬಟನ್ ಅಥವಾ ಜಿಪ್‌ನಿಂದ ಬಾಯಿಯ ಸುತ್ತ ಕೂರುತ್ತದೆ, ಮುಂದೆ ಅಥವಾ ಮೇಲೆ ತೆರೆಯಲು ಒಂದು ಜಿಪ್ ಇರುತ್ತದೆ. ನೀರು ಕೆಳಗಿನ ಗ್ರಿಪ್‌ಗೆ ತಲುಪುವ ಮುಖ್ಯ ದಾರಿ ಈ ಬಾಯಿಯೇ. ಅದು ಮುಚ್ಚಿದರೆ ಹೆಚ್ಚಿನ ಕೆಲಸ ಆಯಿತು. ಹುಡ್ಡನ್ನು ಬ್ಯಾಗ್ ಮಾಡಿದವರೇ ಆ ಬಾಯಿಯ ಅಳತೆಗೆ ಹೊಲಿದಿರುತ್ತಾರೆ, ಅದಕ್ಕೇ ಬೇರೆ ಯಾವುದಕ್ಕಿಂತಲೂ ಚೆನ್ನಾಗಿ ಕೂರುತ್ತದೆ. ಕಳೆದುಹೋಗಿದ್ದರೆ ಮೊದಲು ಅದೇ ಕಂಪನಿಯ ಬಿಡಿ ಹುಡ್ ಹುಡುಕಿ. ಎಲ್ಲ ಬ್ಯಾಗಿಗೂ ಆಗುತ್ತದೆ ಅಂತ ಎಲಾಸ್ಟಿಕ್ ಹಾಕಿ ಮಾರುವ ಹುಡ್‌ಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಹ್ಯಾಂಡಲ್ ಇರುವ ಕಡೆ ಯಾವಾಗಲೂ ಒಂದು ಸಂದಿ ಉಳಿದುಬಿಡುತ್ತದೆ.

ಹುಡ್‌ನ ದೊಡ್ಡ ಕೊರತೆ ಅದರ ಎತ್ತರ. ಸ್ಟ್ಯಾಂಡ್ ಬ್ಯಾಗ್ ಸುಮಾರು 35 ಇಂಚು ಎತ್ತರ ಇರುತ್ತದೆ, ಡ್ರೈವರ್ 45 ಇಂಚಿಗಿಂತ ಸ್ವಲ್ಪ ಉದ್ದ. ಅಂದರೆ ಡ್ರೈವರ್‌ನ ಹೆಡ್ ಬ್ಯಾಗಿನ ಬಾಯಿಂದ ಹತ್ತು ಇಂಚು ಮೇಲಿರುತ್ತದೆ. ಹುಡ್ ಗಿಡ್ಡವಾದರೆ ಜಿಪ್ ಎಳೆಯುವಾಗ ಹೆಡ್‌ಗೆ ಸಿಕ್ಕಿಕೊಳ್ಳುತ್ತದೆ, ಹೊಲಿಗೆ ಬಿಗಿದು ಅಲ್ಲಿಂದಲೇ ನೀರು ಒಸರುತ್ತದೆ. ಉದ್ದವಾಗಿ ಸಡಿಲವಾಗಿದ್ದರೆ ನಡುವೆ ಕುಸಿದು ಮಡಿಕೆಯಲ್ಲಿ ನೀರು ನಿಲ್ಲುತ್ತದೆ. ಜಿಪ್ ತೆರೆದ ಕ್ಷಣ ಆ ನೀರೆಲ್ಲ ಒಳಗೆ. ನೀವು ಹುಡ್ ಬಿಟ್ಟಿದ್ದಕ್ಕೆ ಇಂಥದ್ದೇ ಯಾವುದೋ ಕಿರಿಕಿರಿ ಕಾರಣ ಇರಬೇಕು. ಪರಿಹಾರ ಸುಲಭ. ಡ್ರೈವರನ್ನು ಸ್ಟ್ರಾಪ್ ಕಡೆಯ, ಅಂದರೆ ಎಲ್ಲಕ್ಕಿಂತ ಎತ್ತರದ ಖಾನೆಯಲ್ಲಿಡಿ. ವೆಜ್‌ಗಳು ಎದುರು ಕಡೆ ಇರಲಿ. ಹುಡ್ ಆಗ ತಾನಾಗಿ ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿ ನಿಲ್ಲುತ್ತದೆ, ನೀರು ಹರಿದುಹೋಗುತ್ತದೆ.

ನೀವು ಕೇಳಿದ ಪೂರ್ತಿ ಕವರ್ ಹುಡ್‌ನ ಮೇಲಿನಿಂದ ಬುಡದವರೆಗೂ ಇಳಿಬಿಡುವಂಥದ್ದು. ಹೆಚ್ಚಾಗಿ ಪಾರದರ್ಶಕ ಪಿವಿಸಿ ಹಾಳೆ. ಪಾಕೆಟ್‌ಗಳೂ ನೆನೆಯುವುದಿಲ್ಲ, ಯಾವ ಕ್ಲಬ್ ಎಲ್ಲಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ತಳ್ಳುವ ಟ್ರಾಲಿ ಬಳಸುವವರಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಬ್ಯಾಗ್ ಯಾವಾಗಲೂ ನಿಂತೇ ಇರುತ್ತದೆ. ಸ್ಟ್ಯಾಂಡ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಡೆಯುವ ನಿಮಗೆ ಇದು ಬೇಡ ಅಂತಲೇ ಹೇಳುತ್ತೇನೆ. ಸ್ಟ್ರಾಪ್ ಕವರ್ ಒಳಗೆ ಸಿಕ್ಕಿಕೊಳ್ಳುತ್ತದೆ. ಕಾಲುಗಳು ಬಿಚ್ಚುವಾಗ ಹಾಳೆ ಅಡ್ಡ ಬರುತ್ತದೆ. ಗಾಳಿ ಬೀಸಿದರೆ ಹಾಳೆ ಉಬ್ಬಿ ಬ್ಯಾಗನ್ನೇ ಕೆಡವುತ್ತದೆ. ಚಳಿಯಲ್ಲಿ ಪಿವಿಸಿ ಬಿರುಸಾಗಿ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ, ಸೆಕೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬ್ಯಾಗ್ ಜೊತೆ ವಿಮಾನದಲ್ಲಿ ಹೋಗಲು ಬಳಸುವ ಟ್ರಾವೆಲ್ ಕವರನ್ನು ಇದರ ಬದಲು ಬಳಸಬಹುದಾ ಅಂತ ಕೆಲವರು ಕೇಳುತ್ತಾರೆ. ಅದು ಪೆಟ್ಟು ತಡೆಯಲು ಮಾಡಿದ್ದು, ಮಳೆ ತಡೆಯಲು ಅಲ್ಲ. ಅದರೊಳಗಿಂದ ಆಡುತ್ತಾ ಕ್ಲಬ್ ತೆಗೆಯಲೂ ಆಗುವುದಿಲ್ಲ.

ಗಾಲ್ಫ್ ಕಾರ್ಟ್‌ನಲ್ಲಿ ಓಡಾಡುವವರಿಗೆ ಕಾರ್ಟ್‌ನ ಹಿಂಭಾಗಕ್ಕೇ ಇಳಿಬಿಡುವ ಪರದೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಹುಡ್ ಸಾಕು.

ವಾಟರ್‌ಪ್ರೂಫ್ ಬ್ಯಾಗ್ ಒಳ್ಳೆಯದೇ. ಅದರ ಹೊಲಿಗೆಗಳನ್ನು ಒಳಗಿನಿಂದ ಟೇಪ್ ಹಚ್ಚಿ ಮುಚ್ಚಿರುತ್ತಾರೆ, ಜಿಪ್‌ಗಳಿಗೂ ನೀರು ನುಗ್ಗದ ಲೇಪ ಇರುತ್ತದೆ. ಪಾಕೆಟ್‌ನಲ್ಲಿಟ್ಟ ಒಣ ಗ್ಲವ್, ಫೋನ್, ದೂರ ಅಳೆಯುವ ರೇಂಜ್‌ಫೈಂಡರ್ ಒಣಗಿಯೇ ಇರುತ್ತವೆ. ಆದರೆ ಬಾಯಿ ತೆರೆದಿಟ್ಟರೆ ಅದೂ ಒಂದೇ, ಸಾದಾ ಬ್ಯಾಗೂ ಒಂದೇ. ಇನ್ನೂ ಸ್ವಲ್ಪ ಕೆಟ್ಟದ್ದೇ ಅನ್ನಬಹುದು, ಯಾಕೆಂದರೆ ಒಳಗೆ ಬಿದ್ದ ನೀರು ಬಟ್ಟೆಯ ಮೂಲಕ ಒಸರಿಯೂ ಹೊರಗೆ ಹೋಗುವುದಿಲ್ಲ. ಹುಡ್ ಹಾಕುವ ಅಭ್ಯಾಸ ಇಲ್ಲದವರಿಗೆ ವಾಟರ್‌ಪ್ರೂಫ್ ಬ್ಯಾಗ್ ಕೊಟ್ಟು ಏನೂ ಪ್ರಯೋಜನ ಇಲ್ಲ. ಹಳೆಯ ಬ್ಯಾಗ್ ಸವೆದಾಗ ಯೋಚಿಸಿ.

ಮುಂದೆ ಯಾವತ್ತಾದರೂ ಕವರ್ ಕೊಳ್ಳುವಾಗ ಬಟ್ಟೆಯ ಹೆಸರು ನೋಡಿ ಮರುಳಾಗಬೇಡಿ. ನೈಲಾನ್ ಆಗಲಿ ಪಾಲಿಯೆಸ್ಟರ್ ಆಗಲಿ, ನೀರು ತಡೆಯುವುದು ಅದರ ಒಳಮೈಗೆ ಹಚ್ಚಿದ ಪಾಲಿಯುರೆಥೇನ್ ಲೇಪ. ಕೆಲವು ಕವರ್‌ಗಳ ಮೇಲೆ ಮಿಲಿಮೀಟರ್‌ನಲ್ಲಿ ಒಂದು ಅಂಕಿ ಬರೆದಿರುತ್ತದೆ. ಎಷ್ಟು ಎತ್ತರದ ನೀರಿನ ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಅನ್ನುವುದರ ಲೆಕ್ಕ ಅದು. 1,500 ಅಂತಿದ್ದರೆ ಸಾಧಾರಣ ಮಳೆಗೆ ಆದೀತು, ಮಳೆ ಜಾಕೆಟ್‌ಗಳಲ್ಲಿ 10,000ವೂ ಇರುತ್ತದೆ. ಆದರೆ ಆ ಅಂಕಿ ಬಟ್ಟೆಗೆ ಮಾತ್ರ ಸೇರಿದ್ದು. ಸೂಜಿ ಚುಚ್ಚಿದ ತೂತುಗಳಿಗೂ ಜಿಪ್‌ಗೂ ಅದು ಅನ್ವಯಿಸುವುದಿಲ್ಲ. ಕವರ್ ಸೋರುವುದು ಹೆಚ್ಚಾಗಿ ಅಲ್ಲೇ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹುಡ್ ಜಿಪ್ ಪೂರ್ತಿ ಎಳೆದು, ಒಳಮೈಯನ್ನು ದೀಪಕ್ಕೆ ಹಿಡಿದು ನೋಡಿ. ಹೊಲಿಗೆಯ ಉದ್ದಕ್ಕೂ ಚುಕ್ಕಿ ಚುಕ್ಕಿ ಬೆಳಕು ಕಂಡರೆ ಅಲ್ಲಿ ಟೇಪ್ ಇಲ್ಲ ಅಂತ. ಆಮೇಲೆ ಅದನ್ನು ಬ್ಯಾಗಿಗೆ ಹಾಕಿ, ಒಳಗೆ ಕ್ಲಬ್‌ಗಳ ಬದಲು ಡ್ರೈವರ್ ಒಂದನ್ನೇ ನಿಲ್ಲಿಸಿ, ಬಾಯಿಯ ಸುತ್ತ ಒಣ ಪೇಪರ್ ತುರುಕಿ. ಮಗ್‌ನಿಂದ ನಿಧಾನವಾಗಿ ಮೇಲಿನಿಂದ ನೀರು ಸುರಿಯಿರಿ. ಹತ್ತು ನಿಮಿಷ ಬಿಟ್ಟು ಹುಡ್ ತೆಗೆದರೆ ಪೇಪರ್ ಎಲ್ಲಿ ಒದ್ದೆಯಾಗಿದೆ ಅನ್ನುವುದೇ ನಿಮಗೆ ಸೋರುವ ಜಾಗ ತೋರಿಸುತ್ತದೆ. ಸಾಮಾನ್ಯವಾಗಿ ಜಿಪ್ ಮುಗಿಯುವ ಮೂಲೆ, ಇಲ್ಲ ಹ್ಯಾಂಡಲ್ ಪಕ್ಕದ ಬಟನ್. ಟೆಂಟ್‌ಗಳಿಗೆ ಹಚ್ಚುವ ಸೀಮ್ ಸೀಲರ್ ಸಿಗುತ್ತದೆ. ಹೊಲಿಗೆಯ ಮೇಲೆ ಒಳಗಿನಿಂದ ಹಚ್ಚಿ ಒಂದು ದಿನ ಒಣಗಲು ಬಿಡಿ. ಹೊಸ ಹುಡ್ ಕೊಳ್ಳುವ ಅಗತ್ಯವೇ ಬರುವುದಿಲ್ಲ.

ಇನ್ನು ಬಳಸುವ ಬಗೆ. ನೀವು ಹೇಳಿದ ಕಷ್ಟ ನಿಜ, ಪ್ರತಿ ಸಲ ಜಿಪ್ ತೆರೆದು ಮುಚ್ಚುವುದು ಬೇಸರವೇ. ಆದರೆ ಬ್ಯಾಗಿನೊಳಗೆ ಸೇರುವ ನೀರೆಲ್ಲ ಆಕಾಶದಿಂದ ನೇರವಾಗಿ ಬೀಳುವುದಿಲ್ಲ. ಒಂದಿಷ್ಟನ್ನು ನಾವೇ ಒದ್ದೆ ಕ್ಲಬ್ ಜೊತೆ ಒಳಗೆ ತುಂಬುತ್ತೇವೆ. ಹುಲ್ಲಿನ ನೀರು, ಮಳೆ ನೀರು ಹೊತ್ತ ಐರನ್ ಅನ್ನು ಹಾಗೇ ಖಾನೆಗೆ ಇಳಿಸಿದರೆ ಹುಡ್ ಇದ್ದೂ ಇಲ್ಲದಂತೆ.

ಛತ್ರಿ ಬಿಚ್ಚಿದಾಗ ಅದರ ಒಳಗಿನ ಕಡ್ಡಿಗೆ ಒಂದು ಒಣ ಟವೆಲ್ ಸಿಕ್ಕಿಸಿಬಿಡಿ. ಇಡೀ ಆಟದಲ್ಲಿ ಒಣಗಿ ಉಳಿಯುವ ಜಾಗ ಅದೊಂದೇ. ಬ್ಯಾಗಿನ ಹೊರಗೆ ನೇತುಹಾಕಿದ ಟವೆಲ್ ಎರಡನೇ ಹೋಲ್‌ಗೇ ತೊಪ್ಪೆಯಾಗಿರುತ್ತದೆ, ಅದು ಕ್ಲಬ್‌ನ ಮುಖದ ಮಣ್ಣು ಒರೆಸಲು ಇರಲಿ. ಹೊಡೆತ ಆದಮೇಲೆ ಮೊದಲು ಒದ್ದೆ ಟವೆಲ್‌ನಿಂದ ಹೆಡ್ ಒರೆಸಿ. ಆಮೇಲೆ ಒಣ ಟವೆಲ್ ಹಿಡಿದು ಶಾಫ್ಟ್‌ನ ಮೇಲಿನಿಂದ ಗ್ರಿಪ್ ತುದಿವರೆಗೆ ಒಂದೇ ಸಲ ಎಳೆಯಿರಿ. ಛತ್ರಿ ಬ್ಯಾಗಿನ ಮೇಲಿರುವಾಗಲೇ ಜಿಪ್ ಒಂದು ಗೇಣು ತೆರೆಯಿರಿ, ಪೂರ್ತಿ ಬೇಡ. ಬ್ಯಾಗನ್ನು ನಿಲ್ಲಿಸುವಾಗ ಜಿಪ್ ಇರುವ ಕಡೆ ಗಾಳಿಗೆ ಬೆನ್ನು ಮಾಡಿರಲಿ. ಗಾಳಿ ಜೋರಾದರೆ ಬ್ಯಾಗನ್ನು ಮಲಗಿಸಿಬಿಡಿ, ಜಿಪ್ ಮೇಲ್ಮುಖವಾಗಿ ಬೇಡ. ಮುಂದಿನ ಹೊಡೆತಕ್ಕೆ ಯಾವ ಕ್ಲಬ್ ಅಂತ ನಡೆಯುತ್ತಲೇ ತೀರ್ಮಾನ ಮಾಡಿದರೆ ಜಿಪ್ ತೆರೆದಿಟ್ಟು ಯೋಚಿಸುವುದು ತಪ್ಪುತ್ತದೆ. ಸುಮ್ನೆ ಹೇಳುತ್ತಿಲ್ಲ, ಮಳೆ ನೇರವಾಗಿ ಒಳಗೆ ಬೀಳುವುದು ಆ ಯೋಚನೆಯ ಹೊತ್ತಿನಲ್ಲೇ.

ಚೆಂಡನ್ನು ಗುಳಿಗೆ ಉರುಳಿಸುವ ಕ್ಲಬ್, ಅಂದರೆ ಪಟರ್ ಬಗ್ಗೆ ಒಂದು ಮಾತು. ಗ್ರೀನ್‌ಗೆ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ಹೋಗುವಾಗ ವೆಜ್, ಪಟರ್ ಎರಡನ್ನೂ ಕೈಯಲ್ಲೇ ಒಯ್ದು, ಬಳಸದ್ದನ್ನು ಹುಲ್ಲಿನ ಮೇಲೆ ಮಲಗಿಸುತ್ತೇವೆ. ಮಳೆಯಲ್ಲಿ ಹಾಗೆ ಮಾಡಿದರೆ ಗ್ರಿಪ್ ಒದ್ದೆ ಹುಲ್ಲಿನಲ್ಲಿ ನೆನೆಯುತ್ತದೆ. ಬಾವುಟದ ಕೋಲನ್ನು ತೆಗೆದು ಕೆಳಗಿಟ್ಟಿದ್ದರೆ ಗ್ರಿಪ್ಪನ್ನು ಅದರ ಮೇಲೆ ಒರಗಿಸಿ, ಇಲ್ಲದಿದ್ದರೆ ಚೆಂಡನ್ನು ಮೇಲಿಟ್ಟು ಹೊಡೆಯುವ ಚಿಕ್ಕ ಗೂಟ, ಅಂದರೆ ಟೀಯನ್ನು ಓರೆಯಾಗಿ ಚುಚ್ಚಿ ಅದರ ಮೇಲಿಡಿ. ಟೀ ಚುಚ್ಚುವುದು ಗ್ರೀನ್‌ನ ಹೊರಗೆ ಮಾತ್ರ.

ಛತ್ರಿ ಅಂದಮೇಲೆ ನಿಯಮವೂ ಗೊತ್ತಿರಲಿ. ಹೊಡೆಯುವಾಗ ನಿಮ್ಮ ಛತ್ರಿಯನ್ನು ನೀವೇ ಒಂದು ಕೈಯಲ್ಲಿ ಹಿಡಿದುಕೊಳ್ಳಬಹುದು. ಚಿಕ್ಕ ಪಟ್‌ಗೆ ಹಾಗೆ ಮಾಡುವವರಿದ್ದಾರೆ. ಆದರೆ ಹೊಡೆತದ ಕ್ಷಣದಲ್ಲಿ ನಿಮ್ಮ ಬ್ಯಾಗ್ ಹೊರುವ ಕ್ಯಾಡಿ ಆಗಲಿ ಬೇರೆಯವರಾಗಲಿ ನಿಮ್ಮ ತಲೆ ಮೇಲೆ ಛತ್ರಿ ಹಿಡಿಯುವಂತಿಲ್ಲ. ನಿಯಮ 10.2ರ ಪ್ರಕಾರ ಅದಕ್ಕೆ ದಂಡ ಇದೆ: ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಎರಡು ಸ್ಟ್ರೋಕ್, ಗೆದ್ದ ಹೋಲ್ ಎಣಿಸುವ ಮ್ಯಾಚ್ ಪ್ಲೇನಲ್ಲಿ ಆ ಹೋಲ್ ಸೋತಂತೆ. ಕ್ಲಬ್ ಆಯ್ಕೆ ಮಾಡುವಾಗ, ಒರೆಸುವಾಗ, ನಡೆಯುವಾಗ ಎಷ್ಟು ಬೇಕಾದರೂ ಹಿಡಿಯಲಿ. ಗುಡುಗು ಕೇಳಿದರೆ ಮಾತ್ರ ಛತ್ರಿ, ಬ್ಯಾಗ್, ಕವರ್ ಎಲ್ಲ ಮರೆತು ಕಟ್ಟಡದ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಗ್ರಿಪ್ ಎಷ್ಟೇ ಜೋಪಾನ ಮಾಡಿದರೂ ಸ್ವಲ್ಪ ಒದ್ದೆಯಾಗಿಯೇ ಆಗುತ್ತದೆ. ಅದಕ್ಕೆ ಮಳೆ ಗ್ಲವ್ ಇಟ್ಟುಕೊಳ್ಳಿ. ಚರ್ಮದ ಗ್ಲವ್ ನೆನೆದರೆ ಜಾರುತ್ತದೆ, ಮಳೆ ಗ್ಲವ್‌ನ ಬಟ್ಟೆ ನೆನೆದಾಗ ಹಿಡಿತ ಹೆಚ್ಚುತ್ತದೆ. ಜೋಡಿಯಾಗಿ ಎರಡೂ ಕೈಗೆ ಹಾಕುವಂಥವು ಸಿಗುತ್ತವೆ. ಮತ್ತೆ ಗ್ರಿಪ್ ಬದಲಾಯಿಸುವ ಸಮಯ ಬಂದಾಗ ರಬ್ಬರ್‌ನಲ್ಲಿ ನೂಲು ಸೇರಿಸಿದ ಕಾರ್ಡ್ ಗ್ರಿಪ್ ಒಮ್ಮೆ ಹಿಡಿದು ನೋಡಿ. ಕೈಗೆ ಒರಟು, ಆದರೆ ಮಳೆಯಲ್ಲಿ ಜಾರುವುದು ಕಡಿಮೆ.

ಮಳೆ ನಿಂತಮೇಲಿನ ಕೆಲಸಕ್ಕೆ ಬರೋಣ. ನಿಮ್ಮ ಚುಕ್ಕೆಗಳಿಗೆ ಕಾರಣ ಬಹುಶಃ ಇಲ್ಲೇ ಇದೆ. ಮಳೆ ನಿಂತ ತಕ್ಷಣ ಹುಡ್ ತೆಗೆಯಿರಿ. ಆಟದ ನಡುವೆ ನಿಂತರೂ ಅಷ್ಟೇ. ನೀರು ಹೊರಗೆ ನಿಲ್ಲಿಸುವ ಬಟ್ಟೆಯೇ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಒದ್ದೆ ಕ್ಲಬ್, ಮೇಲೆ ಮುಚ್ಚಿದ ಹುಡ್, ಅದರ ಸುತ್ತ ಬಿಸಿಯಾದ ಕಾರ್ ಡಿಕ್ಕಿ: ತುಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ನಾಲ್ಕು ಗಂಟೆ ಮಳೆಯಲ್ಲಿ ಆಗದ ಹಾನಿ ಎರಡು ದಿನ ಡಿಕ್ಕಿಯಲ್ಲಿ ಮುಚ್ಚಿಟ್ಟಾಗ ಆಗುತ್ತದೆ. ಹೆಡ್‌ಕವರ್‌ಗಳೂ ಹೀಗೇ. ಉಣ್ಣೆಯದಾಗಲಿ ಚರ್ಮದ್ದಾಗಲಿ, ಒದ್ದೆಯಾದ ಹೆಡ್‌ಕವರ್ ತೊಡಿಸಿಟ್ಟರೆ ಶಾಫ್ಟ್ ಸೇರುವ ಕುತ್ತಿಗೆ ಮತ್ತು ಅಲ್ಲಿನ ಸ್ಕ್ರೂ ದಿನಗಟ್ಟಲೆ ತೇವದಲ್ಲೇ ಇರುತ್ತವೆ.

ಮನೆಗೆ ಬಂದಮೇಲೆ ಎಲ್ಲ ಕ್ಲಬ್ ಹೊರಗೆ ತೆಗೆಯಿರಿ. ಒಣ ಬಟ್ಟೆಯಿಂದ ಒರೆಸಿ, ಗೋಡೆಗೆ ಒರಗಿಸಿಡಿ. ಈ ಸಲ ಹೆಡ್ ಕೆಳಗೆ, ಗ್ರಿಪ್ ಮೇಲೆ. ಕೆಳಗೆ ಒಂದು ಹಳೆ ಟವೆಲ್ ಹಾಸಿ. ಬ್ಯಾಗನ್ನು ಬೋರಲು ಹಾಕಿ, ಎಷ್ಟು ನೀರು ಬೀಳುತ್ತದೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆದೀತು. ಎಲ್ಲ ಪಾಕೆಟ್ ಬಿಚ್ಚಿಡಿ, ಒಳಗೆ ನ್ಯೂಸ್‌ಪೇಪರ್ ತುರುಕಿ. ಹುಡ್ಡನ್ನು ನೆರಳಿನಲ್ಲಿ ನೇತುಹಾಕಿ. ಒದ್ದೆಯಾಗಿಯೇ ಮಡಿಚಿ ಪಾಕೆಟ್‌ಗೆ ತುರುಕಿದರೆ ವಾಸನೆ ಬರುವುದು ಮಾತ್ರವಲ್ಲ, ಒಳಗಿನ ಲೇಪ ಕ್ರಮೇಣ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಫ್ಯಾನ್ ಗಾಳಿ ಸಾಕು. ಹೇರ್ ಡ್ರೈಯರ್, ಹೀಟರ್, ಬಿರುಬಿಸಿಲು ಬೇಡ. ಹೆಡ್ಡನ್ನೂ ಶಾಫ್ಟನ್ನೂ ಹಿಡಿದಿರುವುದು ಎಪಾಕ್ಸಿ ಅಂಟು, ಜಾಸ್ತಿ ಬಿಸಿಗೆ ಅದು ಸಡಿಲವಾಗುತ್ತದೆ. ರಬ್ಬರೂ ಬಿಸಿಲಿಗೆ ಗಟ್ಟಿಯಾಗುತ್ತದೆ. ಒಂದು ರಾತ್ರಿ ಹೀಗೆ ಬಿಟ್ಟರೆ ಬೆಳಿಗ್ಗೆ ಎಲ್ಲ ವಾಪಸ್ ಇಡಬಹುದು.

ಈಗ ನಿಮ್ಮ ಕಂದು ಚುಕ್ಕೆ. ಬೆರಳಿನ ಉಗುರಿನಿಂದ ಕೆರೆದು ನೋಡಿ. ಉಗುರಿಗೆ ತಗ್ಗು ಸಿಗದಿದ್ದರೆ ಅದು ಮೇಲ್ಮೈ ಕಲೆ, ಎಷ್ಟೋ ಸಲ ಒಣಗಿದ ಮಣ್ಣೂ ಆಗಿರುತ್ತದೆ. ಬೆಚ್ಚಗಿನ ಸೋಪಿನ ನೀರು, ನೈಲಾನ್ ಬ್ರಷ್ ಹಾಕಿ ಉಜ್ಜಿ. ಹೋಗದಿದ್ದರೆ ಬಟ್ಟೆಯನ್ನು ವಿನೆಗರ್‌ನಲ್ಲಿ ನೆನೆಸಿ ಆ ಜಾಗಕ್ಕೆ ಹತ್ತು ನಿಮಿಷ ಸುತ್ತಿಡಿ, ಉಜ್ಜಿ, ಚೆನ್ನಾಗಿ ತೊಳೆದು ತಕ್ಷಣ ಒಣಗಿಸಿ. ಇದು ಕ್ರೋಮ್ ಐರನ್‌ಗಳಿಗೆ ಮಾತ್ರ. ಕಪ್ಪು ಬಣ್ಣದ ಫಿನಿಶ್ ಇರುವ ಕ್ಲಬ್‌ಗೆ ವಿನೆಗರ್ ಹಾಕಿದರೆ ಕಪ್ಪೇ ಹೋಗಿಬಿಡುತ್ತದೆ. ಚುಕ್ಕೆಗಳು ಇರುವುದು ಲೇಪವೇ ಇಲ್ಲದ ರಾ ವೆಜ್ ಮೇಲಾದರೆ ಸುಮ್ಮನೆ ಬಿಟ್ಟುಬಿಡಿ. ಅವು ತುಕ್ಕು ಹಿಡಿಯಲಿ ಅಂತಲೇ ಹಾಗೆ ಮಾಡಿರುತ್ತಾರೆ, ಮುಖದ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ ಅಂತ ಅದನ್ನೇ ಇಷ್ಟಪಡುವವರು ಬಹಳ. ತಿಂಗಳುಗಟ್ಟಲೆ ಆಡುವುದಿಲ್ಲ ಅಂದಾಗ ಹೆಡ್‌ಗೆ ತೆಳ್ಳಗೆ ಮಷೀನ್ ಎಣ್ಣೆ ಸವರಿಡಬಹುದು, ಆದರೆ ಆಡುವ ಮೊದಲು ಪೂರ್ತಿ ಒರೆಸಿ. ಹೊಡೆತದ ಮೇಲೆ ಪರಿಣಾಮ ಬೀರಲಿ ಅಂತ ಹೆಡ್‌ಗೆ ಏನನ್ನಾದರೂ ಹಚ್ಚುವುದು ನಿಯಮಕ್ಕೆ ವಿರುದ್ಧ. ಗ್ರಿಪ್‌ಗೆ ಎಣ್ಣೆ ಯಾವತ್ತೂ ತಾಗಬಾರದು.

ಜಾರುವ ಎರಡು ಗ್ರಿಪ್‌ಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ನೋಡಿ. ತೊಳೆಯುವಾಗ ತುದಿಯ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಬೆವರು, ಕ್ರೀಮ್, ಮಣ್ಣು ಸೇರಿದ ಪದರ ಹೋದರೆ ರಬ್ಬರ್‌ಗೆ ಮತ್ತೆ ಹಿಡಿತ ಬರುತ್ತದೆ. ಆದರೂ ಹೊಳೆಯುತ್ತಾ ಗಟ್ಟಿಯಾಗಿದ್ದರೆ ಬದಲಾಯಿಸಿಬಿಡಿ. ಬದಲಾಯಿಸಲು ಕೊಡುವ ಮೊದಲು ಸ್ಟೀಲ್ ಶಾಫ್ಟ್ ಇರುವ ಪ್ರತಿ ಕ್ಲಬ್ಬನ್ನೂ ಕಿವಿಯ ಹತ್ತಿರ ಹಿಡಿದು ತಲೆಕೆಳಗು ಮಾಡಿ ಅಲ್ಲಾಡಿಸಿ. ಒಳಗೆ ಪುಡಿ ಉದುರಿದ ಸದ್ದು ಕೇಳಿದರೆ ಅದು ಅಂಟಿನ ಚೂರೂ ಇರಬಹುದು, ತುಕ್ಕೂ ಇರಬಹುದು. ಹಳೆ ಗ್ರಿಪ್ ಕತ್ತರಿಸಿ ತೆಗೆದಾಗ ಶಾಫ್ಟ್‌ನ ತುದಿ ತೆರೆದಿರುತ್ತದೆ. ಆಗ ಟಾರ್ಚ್ ಹಾಕಿ ಒಳಗೆ ನೋಡಿ ಅಂತ ಕ್ಲಬ್ ರಿಪೇರಿ ಮಾಡುವವರಿಗೆ ಮೊದಲೇ ಹೇಳಿಡಿ. ಕೆಂಪು ಪುಡಿ ಸ್ವಲ್ಪ ಇದ್ದರೆ ಒರೆಸಿ ಹೊಸ ಗ್ರಿಪ್ ಹಾಕಬಹುದು. ಗೋಡೆಯಿಂದ ಪದರ ಪದರವಾಗಿ ಏಳುತ್ತಿದ್ದರೆ ಶಾಫ್ಟ್ ಬದಲಾಯಿಸಿ. ಅಂಥದ್ದು ಸ್ವಿಂಗ್‌ನ ನಡುವೆ ಮುರಿಯಬಹುದು.